ತೋಟದ ಜೇಡ: ಒಂದು ಮಾರು ದೂರದಿಂದ

ಚೆರ್ಕಳದಿಂದ ಕಲ್ಲಡ್ಕಕ್ಕೆ ಸಾಗುವ ರಸ್ತೆ ಬದಿಯಡ್ಕವನ್ನು ದಾಟಿ ಪೆರ್ಲವನ್ನು ಸಮೀಪಿಸುವಾಗ ಎರಡು ಬಗೆಯ ನೆಲ ಕಣ್ಣಿಗೆ ಬೀಳುತ್ತದೆ. ಮೇಲೆ ಮುರಕಲ್ಲಿನ ಗುಡ್ಡ. ಕೆಳಗೆ ಅಡಕೆ ತೋಟ. ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದ ಸುರಂಗಗಳ ನೀರಿನಿಂದ ಇಲ್ಲಿನ ಎಷ್ಟೋ ತೋಟಗಳು ಹಸುರಾಗಿ ಉಳಿದಿವೆ. ಮಳೆಗಾಲ ಹಿಂದೆಗೆಯುವ ದಿನಗಳಲ್ಲಿ ಈ ತೋಟಗಳ ಅಂಚಿನಲ್ಲಿ ನಡೆಯುವವರು ತಲೆಯೆತ್ತಿ ನಡೆಯಬೇಕು. ಇಲ್ಲವಾದರೆ ಬಂಗಾರದ ಬಣ್ಣದ ಬಲೆಯೊಂದು ಮುಖಕ್ಕೆ ಅಂಟಿಕೊಂಡೀತು.

ಈ ಬಲೆಯನ್ನು ನೇಯುವುದು ನೆಫಿಲಾ ಪಿಲಿಪೆಸ್ ಎಂಬ ದೈತ್ಯ ಜೇಡ. 1793ರಲ್ಲಿ ಫ್ಯಾಬ್ರಿಸಿಯಸ್ ಎಂಬ ವಿಜ್ಞಾನಿ ಇದನ್ನು ಮೊದಲಾಗಿ ವರ್ಣಿಸಿದನು. ಹೆಣ್ಣಿನ ಒಡಲೇ 3ರಿಂದ 5 ಸೆಂಟಿಮೀಟರ್ ಉದ್ದ. ಕಾಲು ಚಾಚಿದರೆ ಅಂಗೈಯನ್ನು ತುಂಬುತ್ತದೆ. ಗಂಡಾದರೋ ಅರ್ಧ ಸೆಂಟಿಮೀಟರಿನಷ್ಟು ಮಾತ್ರ. ಬಲೆಯ ಮೂಲೆಯಲ್ಲಿ ಕುಳಿತ ಅದನ್ನು ಮರಿಯೆಂದು ಭ್ರಮಿಸುವವರೇ ಹೆಚ್ಚು.

ಇದರ ಛಾಯಾಚಿತ್ರ ತೆಗೆಯಬೇಕೆಂದು ನಾವು ಎಣ್ಮಕಜೆಯ ತೋಟವೊಂದಕ್ಕೆ ಹೋದಾಗ ತೋಟದ ಹಿರಿಯರು ನಮ್ಮನ್ನು ತಡೆದರು. “ಹತ್ತಿರ ಹೋಗಬೇಡಿ ಮಾರಾಯ್ರೇ, ಮೈಮೇಲೆ ಮೂತ್ರ ಹೊಯ್ದರೆ ಗುಳ್ಳೆ ಏಳ್ತದೆ.” ನಮ್ಮ ಸೀಮೆಯಲ್ಲಿ ಈ ಮಾತನ್ನು ಕೇಳದ ಮನೆಯಿಲ್ಲ. ಆದರೆ ಇಂತಹ ಗುಳ್ಳೆಗಳಿಗೆ ಹಲವು ಬಾರಿ ಕಾರಣವಾಗುವುದು ದೀಪಕ್ಕೆ ಬರುವ ಪೀಡೆರಸ್ ಎಂಬ ಕೆಂಪು-ಕಪ್ಪು ಬಣ್ಣದ ಪುಟ್ಟ ಕೀಟ. ಅದು ಚರ್ಮದ ಮೇಲೆ ನಜ್ಜುಗುಜ್ಜಾದಾಗ ಒಸರುವ ರಸ ಸುಡುತ್ತದೆ; ಅಪವಾದ ಮಾತ್ರ ಜೇಡಕ್ಕೆ. ಕೈಯಲ್ಲಿ ಹಿಡಿದು ಹಿಂಸಿಸಿದರೆ ದೈತ್ಯ ಜೇಡ ಕಚ್ಚೀತು. ಆದರೂ ಮನುಷ್ಯರಿಗೆ ಅದರ ವಿಷ ಅಪಾಯಕಾರಿಯಲ್ಲ.

ಹಿರಿಯರ ಕಾರಣ ಸರಿಯಲ್ಲದಿದ್ದರೂ ಸಲಹೆ ಮಾತ್ರ ಉತ್ತಮವಾಗಿತ್ತು. ಬಲೆಯನ್ನು ಹಿಡಿದು ನಿಲ್ಲಿಸಿದ ಎಳೆಗಳು ಕೆಲವೊಮ್ಮೆ ಹಲವು ಅಡಿ ದೂರದ ಮರಕ್ಕೆ ಕಟ್ಟಿಕೊಂಡಿರುತ್ತವೆ. ಹತ್ತಿರ ಹೋಗುವ ಆತುರದಲ್ಲಿ ಒಂದೆಳೆ ಭುಜಕ್ಕೆ ತಾಗಿದರೂ ಸಾಕು, ಬಲೆಯೆಲ್ಲ ನಡುಗಿ ಜೇಡ ಎಲೆಯ ಮರೆಗೆ ಸರಿಯುತ್ತದೆ. ಆದುದರಿಂದ ನಾವು ಒಂದು ಮಾರು, ಎಂದರೆ ಸುಮಾರು 6 ಅಡಿ ದೂರದಲ್ಲಿ ಟ್ರೈಪಾಡ್ ಊರಿ, 300 ಮಿಲಿಮೀಟರಿನ ಲೆನ್ಸನ್ನು ಬಲೆಗೆ ನೇರವಾಗಿ ಹಿಡಿದೆವು. ಕ್ಯಾಮರಾ ಓರೆಯಾದರೆ ಒಂದು ಕಾಲು ಸ್ಪಷ್ಟವಾಗಿ ಇನ್ನೊಂದು ಮಸುಕಾಗುತ್ತದೆ. ಬೆಳಗಿನ ಬಿಸಿಲು ಬಲೆಯ ಹಿಂದಿನಿಂದ ಓರೆಯಾಗಿ ಬೀಳುವಾಗ ಎಳೆಗಳ ಹೊಂಬಣ್ಣ ಹೊಳೆಯುತ್ತದೆ. ಗಾಳಿ ನಿಲ್ಲುವವರೆಗೆ ಕಾಯುವುದೇ ಮುಖ್ಯ ಕೆಲಸ.

ಹಾಗೆ ಕಾಯುತ್ತಿದ್ದಾಗ ಜೇಡ ತಲೆಕೆಳಗಾಗಿ ನಿಂತಿರುವುದನ್ನೂ, ಬಲೆಯ ನಡುಬಿಂದು ಮೇಲಂಚಿಗೆ ಸಮೀಪವಾಗಿರುವುದನ್ನೂ, ಅದು ಹಿಡಿದ ಬೇಟೆಯಲ್ಲಿ ಪಾಲು ಕದಿಯುವ ಬೆಳ್ಳಿಬಣ್ಣದ ಸಣ್ಣ ಜೇಡಗಳನ್ನೂ ಕಂಡೆವು. ಅಂಗಳದ ಬೇಲಿಯಲ್ಲಿ ಆರ್ಜಿಯೋಪೆ ಜಾತಿಯ ಜೇಡವೊಂದು ಎಂಟು ಕಾಲುಗಳನ್ನು ಜೋಡಿಯಾಗಿ ಗುಣಾಕಾರದ ಚಿಹ್ನೆಯಂತೆ ಚಾಚಿ ಕುಳಿತಿತ್ತು. ಬಲೆಯ ನಡುವೆ ಬಿಳಿಯ ಅಂಕುಡೊಂಕಿನ ಪಟ್ಟಿ. ಕೆಣಕಿದರೆ ಅದು ಬಲೆಯನ್ನೇ ಉಯ್ಯಾಲೆಯಂತೆ ತೂಗುತ್ತದೆ. ಅದಕ್ಕೂ ಒಂದು ಮಾರಿನ ಮರ್ಯಾದೆಯೇ ಸರಿ.

ಭಯದ ವಿಚಾರ ಬಂದಾಗ ಈ ನೆಲದಲ್ಲಿ ಇನ್ನೊಂದನ್ನು ನೆನೆಯದೆ ಇರಲಾಗದು. ಟೀ ಸೊಳ್ಳೆಯ ನಿವಾರಣೆಗೆಂದು ಇಲ್ಲಿನ ಗುಡ್ಡಗಳ ಗೇರು ತೋಪುಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರುಗಳು ಎಂಡೋಸಲ್ಫಾನ್ ಸುರಿದವು. ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದುದು 2011ರ ಮೇ ತಿಂಗಳಲ್ಲಿ. ಆ ನೋವನ್ನು ಹೊತ್ತ ಮನೆಗಳು ಈ ದಾರಿಯಲ್ಲಿ ಇಂದಿಗೂ ಇವೆ. ಜೇಡಕ್ಕೆ ಅಂಜಬೇಕೆಂದು ಮಕ್ಕಳಿಗೆ ಕಲಿಸಿದ ಊರಿಗೆ, ಆಕಾಶದಿಂದ ಇಳಿಯುವ ತುಂತುರಿಗೆ ಅಂಜಬೇಕೆಂದು ಬಲ್ಲವರು ಕಾಲಕ್ಕೆ ಸರಿಯಾಗಿ ತಿಳಿಸಲಿಲ್ಲ. ಸಂಬಳವಿಲ್ಲದೆ ಕೀಟ ಹಿಡಿಯುವ ಜೇಡದ ಬಲೆಗೆ ನಾವು ಕೋಲು ಬೀಸುತ್ತಲೇ ಬಂದೆವು.

ಯಾವುದರಿಂದ ಎಷ್ಟು ದೂರ ನಿಲ್ಲಬೇಕೆಂಬುದನ್ನು ಅಂಜಿಕೆ ಹೇಳಲಾರದು, ತಿಳಿವಳಿಕೆ ಹೇಳೀತು. ಬರುವ ಹಿಂಗಾರಿನಲ್ಲಿ ತೋಟಕ್ಕೆ ಹೋಗುವ ಓದುಗರು ದಾರಿಗಡ್ಡವಾಗಿ ಬಲೆ ಕಂಡರೆ ಕೋಲೆತ್ತದಿರಲಿ, ಬಗ್ಗಿ ನಡೆಯಲಿ. ಬಿಡುವಿದ್ದರೆ ಒಂದು ಮಾರು ಹಿಂದೆ ನಿಂತು ಮಕ್ಕಳಿಗೂ ತೋರಿಸಲಿ.