ಇನ್ನೊಂದು ಸುತ್ತು

1979ರ ಮಳೆಗಾಲ. ಮೂಡಿಗೆರೆ ಪೇಟೆಯ ಅಂಚಿನಲ್ಲಿ ತಗಡಿನ ಮಾಡಿನ ಒಂದು ಗ್ಯಾರೇಜು. ಅಪ್ಪ ಕಾಫಿ ತೋಟವೊಂದರ ರೈಟರು. ತೋಟದ ಜೀಪು ರಿಪೇರಿಗೆ ಹೋದಾಗ ಬಿಚ್ಚಿದ ಸಾಮಾನು ಬೇರೆ ಗಾಡಿಗೆ ಹೋಗದಂತೆ ಕಾಯುವುದು ಎಸ್ಸೆಸ್ಸೆಲ್ಸಿ ಮುಗಿಸಿ ಕೂತಿದ್ದ ನನ್ನ ಕೆಲಸ.

ಜೀಪಿನ ಕಾಯಿಲೆ ವಿಚಿತ್ರವಾಗಿತ್ತು. ತೋಟದ ಕೆಸರಿನಲ್ಲಿ ನಾಲ್ಕೂ ಚಕ್ರಕ್ಕೆ ಲಿವರ್ ಹಾಕಿದರೆ ಹೇಗೋ ನಡೆಯುತ್ತಿತ್ತು. ಅದೇ ಲಿವರಿನಲ್ಲಿ ಟಾರು ರಸ್ತೆಗೆ ಬಂದರೆ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ ಬಿಗಿಯುತ್ತಿತ್ತು. ಲಿವರು ವಾಪಸು ಬರುತ್ತಿರಲಿಲ್ಲ. ಡ್ರೈವರು ಗೇರ್‌ಬಾಕ್ಸಿನ ಮೇಲೆ ತಪ್ಪು ಹೊರಿಸಿದ್ದ.

ಮೇಸ್ತ್ರಿ ಗೇರ್‌ಬಾಕ್ಸ್ ಮುಟ್ಟಲಿಲ್ಲ. ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿ, ನೆಲದಲ್ಲಿದ್ದ ಇನ್ನೊಂದಕ್ಕೆ ಕಲ್ಲು ಕೊಟ್ಟರು. ಗೇರು ನ್ಯೂಟ್ರಲ್. ಟೈರಿನ ಮೇಲೊಂದು, ಹೌಸಿಂಗಿಗೆ ಬಂದು ಸೇರುವ ಪ್ರೊಪೆಲ್ಲರ್ ಶಾಫ್ಟಿನ ಮೇಲೊಂದು ಸೀಮೆಸುಣ್ಣದ ಗೆರೆ. "ಚಕ್ರ ತಿರುಗ್ಸು ಮಾರಾಯ. ಶಾಫ್ಟು ಎಷ್ಟು ಸುತ್ತು ಬರ್ತದೆ ಎಣ್ಸು" ಅಂದರು.

ಒಂದು ಸುತ್ತು ತಿರುಗಿಸಿ, "ಎರಡೂವರೆಗೆ ಸ್ವಲ್ಪ ಕಮ್ಮಿ" ಅಂದೆ.

"ಇನ್ನೊಂದು ಸುತ್ತು ಯಾರು ನಿಮ್ಮಪ್ಪ ತಿರುಗ್ಸೋದಾ?"

ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಮೂಲೆಯಲ್ಲಿ ಬಿಚ್ಚಿಟ್ಟಿದ್ದ ಇನ್ನೊಂದು ಗಾಡಿಯ ಡಿಫರೆನ್ಶಿಯಲ್ ತೋರಿಸಿದ ಮೇಲೆ. ಶಾಫ್ಟಿನ ತುದಿಯ ಚಿಕ್ಕ ಪಿನಿಯನ್ ದೊಡ್ಡ ಕ್ರೌನನ್ನು ತಿರುಗಿಸುತ್ತದೆ. ಕ್ರೌನಿಗೆ ಕಟ್ಟಿದ ಗೂಡಿನೊಳಗಿನ ಪುಟ್ಟ ಗೇರುಗಳು ಆ ಸುತ್ತನ್ನು ಎರಡು ಚಕ್ರಕ್ಕೂ ಹಂಚುತ್ತವೆ. ಹಂಚಿಕೆ ಸಮ ಇರಬೇಕೆಂದಿಲ್ಲ, ಆದರೆ ಎರಡೂ ಚಕ್ರದ ಸುತ್ತು ಕೂಡಿಸಿದರೆ ಕ್ರೌನಿನ ಸುತ್ತಿನ ಎರಡರಷ್ಟು ಆಗಲೇಬೇಕು. ನೆಲದ ಚಕ್ರ ಅಲ್ಲಾಡದೆ ನಿಂತಿದ್ದರೆ ಎತ್ತಿದ ಚಕ್ರ ಎರಡು ಸುತ್ತು ಬಂದಾಗ ಕ್ರೌನು ಒಂದು ಸುತ್ತು ಬರುತ್ತದೆ. ನಾನು ಅರ್ಧ ಲೆಕ್ಕಕ್ಕೇ ಉತ್ತರ ಕೊಟ್ಟಿದ್ದೆ.

ಈ ಹಂಚಿಕೆ ಬೇಕಾಗುವುದು ತಿರುವಿನಲ್ಲಿ. ಚಾರ್ಮಾಡಿ ಘಾಟಿಯ ಒಂದು ಹೇರ್‌ಪಿನ್ ತಿರುವು ಎಂದರೆ ಅರ್ಧ ವೃತ್ತ. ಜೀಪಿನ ಎರಡು ಚಕ್ರಗಳ ನಡುವೆ ಸುಮಾರು 1.2 ಮೀಟರ್ ಅಂತರ. ತಿರುವು ಚಿಕ್ಕದಿರಲಿ ದೊಡ್ಡದಿರಲಿ, ಹೊರಗಿನ ಚಕ್ರ ಒಳಗಿನದಕ್ಕಿಂತ ಮೂರೂಮುಕ್ಕಾಲು ಮೀಟರಿನಷ್ಟು ಹೆಚ್ಚು ಉರುಳಬೇಕು. ಆ ಟೈರಿನ ಲೆಕ್ಕದಲ್ಲಿ ಒಂದೂಮುಕ್ಕಾಲು ಸುತ್ತು. ಎರಡನ್ನೂ ಒಂದೇ ಕಬ್ಬಿಣಕ್ಕೆ ಬಿಗಿದಿದ್ದರೆ ಪ್ರತಿ ತಿರುವಿನಲ್ಲೂ ಒಂದು ಟೈರು ರಸ್ತೆಗೆ ಉಜ್ಜಿಕೊಂಡೇ ಹೋಗಬೇಕಾಗುತ್ತಿತ್ತು.

ಎರಡು ಸುತ್ತಿಗೆ ಹಿಂದಿನ ಶಾಫ್ಟು ಐದಕ್ಕೆ ತುಸು ಕಡಿಮೆ ಬಂತು. ಮುಂದಿನ ಆಕ್ಸಲ್‌ಗೂ ಹೀಗೇ ಮಾಡಿದೆವು. ಐದೂಕಾಲು ದಾಟಿತು. ಮೇಸ್ತ್ರಿ ಬೀಡಿ ಹಚ್ಚಿದರು. "ಹಿಂದಿಂದು 39-8, ಮುಂದಿಂದು 43-8. ಗಾಡಿ ಒಂದೇ, ಮನೆ ಎರಡು."

ಕ್ರೌನಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿದರೆ ಸಿಗುವುದೇ ರೇಶಿಯೋ. 39ನ್ನು 8ರಿಂದ ಭಾಗಿಸಿದರೆ 4.875, ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ರೇಶಿಯೋ ಇದು. ಯುದ್ಧ ಮುಗಿದು ಅದೇ ಜೀಪನ್ನು ರೈತರಿಗೆ ಮಾರಲು ಹೊರಟಾಗ ಕಂಪನಿ 43-8 ಹಾಕಿತು, ಅಂದರೆ 5.375. ಮಹೀಂದ್ರ ಇಲ್ಲಿ ತಯಾರಿಸಿದ ನಮ್ಮ ಜೀಪು ಆ ಎರಡನೆಯ ವಂಶದ್ದು. ರೇಶಿಯೋ ಹೆಚ್ಚಿದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ. ಟಾಪ್ ಗೇರಿನಲ್ಲಿ 60 ಕಿ.ಮೀ. ವೇಗಕ್ಕೆ 43-8ರಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2400 ಸುತ್ತಬೇಕು. 39-8ರಲ್ಲಿ 2200 ಸಾಕು. 8ಕ್ಕೂ 43ಕ್ಕೂ ಸಮಾನ ಅಪವರ್ತನ ಇಲ್ಲದಿರುವುದೂ ಬೇಕೆಂದೇ ಮಾಡಿದ್ದು. ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ ಪ್ರತಿ ಹಲ್ಲನ್ನೂ ಸರದಿಯಲ್ಲಿ ಕಚ್ಚುವುದರಿಂದ ಸವೆತ ಒಂದೇ ಕಡೆ ಬೀಳುವುದಿಲ್ಲ.

ಆರು ತಿಂಗಳ ಹಿಂದೆ ಹಿಂದಿನ ಕ್ರೌನಿನ ಹಲ್ಲು ಮುರಿದಾಗ ಬೇರೊಂದು ಗ್ಯಾರೇಜಿನವರು ಗುಜರಿಯ ಜೋಡಿ ತಂದು ಕೂರಿಸಿದ್ದರು. ಅದು ಸೊಗಸಾಗಿ ಕೂತಿತು, ಸದ್ದಿಲ್ಲ, ಸೋರಿಕೆಯಿಲ್ಲ. ಎರಡು ಚಕ್ರದಲ್ಲಿ ಓಡಿದಷ್ಟು ಕಾಲ ಡ್ರೈವರು ಹೊಗಳಿದ್ದೇ ಹೊಗಳಿದ್ದು. ಲಿವರ್ ಹಾಕಿದ ಕೂಡಲೇ ಹಿಂದಿನ ಶಾಫ್ಟೂ ಮುಂದಿನ ಶಾಫ್ಟೂ ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ. ಹಿಂದಿನ ಚಕ್ರ ನೂರು ಮೀಟರ್ ಉರುಳುವಷ್ಟರಲ್ಲಿ ಮುಂದಿನದು ತೊಂಬತ್ತೊಂದಕ್ಕೆ ನಿಲ್ಲುತ್ತದೆ. ಕೆಸರಿನಲ್ಲಿ ಟೈರು ಜಾರಿ ಲೆಕ್ಕ ಸರಿದೂಗಿಸುತ್ತದೆ; ಟಾರು ಅಷ್ಟು ಧಾರಾಳಿಯಲ್ಲ.

ಇದರ ಸಾಕ್ಷಿ ಅಪ್ಪನ ಮೇಜಿನ ಮೇಲೇ ಇತ್ತು. ಜೀಪಿನ ಸ್ಪೀಡೋಮೀಟರ್ ಕೇಬಲ್ ಚಕ್ರದಿಂದ ಬರುವುದಿಲ್ಲ, ಗೇರ್‌ಬಾಕ್ಸಿನ ಹಿಂದಿನ ಪೆಟ್ಟಿಗೆಯಿಂದ ಬರುತ್ತದೆ. ಆಕ್ಸಲ್ಲಿನ ರೇಶಿಯೋ ಬದಲಾದದ್ದು ಅದಕ್ಕೆ ತಿಳಿಯದು. ಪೇಟೆಗೆ ಹೋಗಿಬರಲು ಮೊದಲು 22 ಕಿ.ಮೀ. ತೋರಿಸುತ್ತಿದ್ದದ್ದು 20ಕ್ಕೆ ಇಳಿದಿತ್ತು. ಅಪ್ಪ ಆರು ತಿಂಗಳು ಲಾಗ್ ಬುಕ್ಕಿನಲ್ಲಿ 20 ಎಂದೇ ಬರೆದು, ಪಕ್ಕದಲ್ಲಿ "ಮೀಟರ್ ಸರಿಯಿಲ್ಲ" ಎಂದು ಷರಾ ಹಾಕಿದ್ದರು. ಮೀಟರ್ ಸರಿಯಾಗಿಯೇ ಇತ್ತು.

ಹಾಗಾಗಿ, ಹಿಂದಿನವರು ಗಾಡಿಯನ್ನು ಚೆನ್ನಾಗಿ ಬಲ್ಲವರಾಗಿದ್ದರು ಎಂಬ ಮಾತು ಕೇಳಿದಾಗ ನಾನು ತಲೆಯಾಡಿಸುವುದಿಲ್ಲ. ಹೆಚ್ಚಿನವರು ಕಿವಿಯಿಂದ ಬಲ್ಲವರು. ಆಕ್ಸಿಲರೇಟರ್ ಒತ್ತಿದಾಗ ಗುಂಯ್‌ಗುಟ್ಟಿದರೆ ಒಂದು ದೋಷ, ಬಿಟ್ಟಾಗ ಗುಂಯ್‌ಗುಟ್ಟಿದರೆ ಇನ್ನೊಂದು ಎಂದು ಹೇಳಬಲ್ಲವರಿದ್ದರು. ಆದರೆ ಸದ್ದು ಮಾಡದ ತಪ್ಪು ಕಿವಿಗೆ ಸಿಗುವುದಿಲ್ಲ. ಅದನ್ನು ಹಿಡಿಯಲು ಎಣಿಸಬೇಕು, ಎಣಿಸುವವರು ಆಗಲೂ ಕಡಿಮೆ.

1983ರ ಕೊನೆಗೆ ಮಾರುತಿ 800 ಬಂದ ಮೇಲೆ ಸಣ್ಣ ಕಾರುಗಳ ಹಿಂದಿನ ಹೌಸಿಂಗೇ ಮಾಯವಾಗತೊಡಗಿತು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಕ್ರೌನೂ ಡಿಫರೆನ್ಶಿಯಲ್ಲೂ ಗೇರ್‌ಬಾಕ್ಸಿನ ಹೊಟ್ಟೆಯೊಳಗೇ ಇರುತ್ತವೆ. ಈಗಿನ ಬ್ಯಾಟರಿ ಕಾರುಗಳಲ್ಲಿ ಸಾಲು ಗೇರುಗಳೇ ಇಲ್ಲ. ಮೋಟಾರಿನ ಭಾರೀ ವೇಗವನ್ನು ಒಂದೇ ರೇಶಿಯೋದಲ್ಲಿ ಇಳಿಸಿ ಚಕ್ರಕ್ಕೆ ಕೊಡುತ್ತಾರೆ. ಡಿಫರೆನ್ಶಿಯಲ್ ಮಾತ್ರ ಹೋಗಿಲ್ಲ. ತಿರುವು ಇರುವವರೆಗೆ ಅದು ಬೇಕು. ನನ್ನ ಕಾರಿನ ರೇಶಿಯೋ ಎಷ್ಟೆಂದು ನಾನು ನೋಡಿಲ್ಲ, ಇಪ್ಪತ್ತು ವರ್ಷದಲ್ಲಿ ಬೇಕಾಗಲೂ ಇಲ್ಲ. ತೊಂಬತ್ತು ನಂಬರ್ ಗೇರ್ ಎಣ್ಣೆಯ ಗಂಧಕದ ವಾಸನೆ ಒಮ್ಮೆ ಅಂಗಿಗೆ ಹತ್ತಿದರೆ ಮೂರು ಒಗೆತಕ್ಕೂ ಹೋಗುತ್ತಿರಲಿಲ್ಲ; ಅದು ತಪ್ಪಿತೆಂದು ಬೇಸರವೂ ಇಲ್ಲ.

ಮೊನ್ನೆ ಅಣ್ಣನ ಮಗ ಹಳೇ ಜೀಪೊಂದನ್ನು ಕೊಳ್ಳಲು ಹೊರಟ. ಮಾರುವವನು ಎರಡು ಆಕ್ಸಲ್ಲೂ ಒರಿಜಿನಲ್, 43-8 ಎಂದು ಹೇಳಿ ಅದಕ್ಕೇ ಹೆಚ್ಚು ದುಡ್ಡು ಕೇಳಿದ್ದ. ಒಂದು ಚಕ್ರ ಎತ್ತಿಸಿದೆ. ಹುಡುಗ ಗೆರೆ ಎಳೆದು, ಒಂದು ಸುತ್ತು ತಿರುಗಿಸಿ, "ಎರಡೂವರೆಗೆ ಸ್ವಲ್ಪ ಕಮ್ಮಿ ಚಿಕ್ಕಪ್ಪ" ಅಂದ.

"ಇನ್ನೊಂದು ಸುತ್ತು" ಅಂದೆ.

ಹಿಂದಿನದು ಐದಕ್ಕೆ ತುಸು ಕಡಿಮೆ. ಮುಂದಿನದೂ ಅಷ್ಟೇ. ಮಾರುವವನು ಹೇಳಿದ್ದು ಸುಳ್ಳು, ಆದರೆ ಗಾಡಿ ಸರಿಯಿತ್ತು. ಚೌಕಾಸಿ ಮಾಡಿ ಕೊಂಡೆವು.