ಹೆಸರಿಲ್ಲದ ಕೈ

ಬ್ರಸೆಲ್ಸ್ ನಗರದ ರಾಯಲ್ ಲಲಿತಕಲಾ ಸಂಗ್ರಹಾಲಯದಲ್ಲಿರುವ ಒಂದು ತೈಲಚಿತ್ರದ ವಸ್ತು ಗ್ರೀಕ್ ಪುರಾಣದ ಇಕಾರಸನ ಪತನ. ತಂದೆ ಮೇಣದಿಂದ ಅಂಟಿಸಿಕೊಟ್ಟ ರೆಕ್ಕೆಗಳನ್ನು ಧರಿಸಿ ಸೂರ್ಯನ ಸಮೀಪಕ್ಕೆ ಹಾರಿದ ತರುಣನು, ಮೇಣ ಕರಗಿ ಕಡಲಿಗೆ ಬಿದ್ದನು. ಚಿತ್ರದಲ್ಲಿ ಅವನಿಗೆ ದೊರೆತಿರುವುದು ಒಂದು ಮೂಲೆ. ಕಾಣುವುದು ಮುಳುಗುತ್ತಿರುವ ಕಾಲುಗಳು ಮಾತ್ರ. ಮುಂಭಾಗದಲ್ಲಿ ಎದ್ದು ತೋರುವವನು ನೇಗಿಲು ಹಿಡಿದ ರೈತ. ಅವನು ತಲೆಯೆತ್ತಿ ನೋಡುವುದಿಲ್ಲ. ಹಡಗೂ ನಿಲ್ಲುವುದಿಲ್ಲ.

1912ರಲ್ಲಿ ಸಂಗ್ರಹಾಲಯವು ಕೊಂಡ ಈ ಚಿತ್ರವನ್ನು, 1569ರಲ್ಲಿ ತೀರಿಕೊಂಡ ಮಹಾಕಲಾವಿದ ಪೀಟರ್ ಬ್ರೂಗೆಲನ ಕೃತಿಯೆಂದೇ ಬಹುಕಾಲ ಕೊಂಡಾಡಿದರು. ಆದರೆ ಅವನ ಇತರ ತೈಲಚಿತ್ರಗಳು ಮರದ ಹಲಗೆಯ ಮೇಲಿವೆ. ಇದು ಬಟ್ಟೆಯ ಮೇಲಿದೆ. ಕಳೆದುಹೋದ ಮೂಲವನ್ನು ಅನುಸರಿಸಿ ಅಜ್ಞಾತ ಚಿತ್ರಕಾರನೊಬ್ಬನು ಬರೆದ ಹಳೆಯ ಪ್ರತಿಯಿದೆಂದು ಈಗ ಅನೇಕ ವಿದ್ವಾಂಸರ ಅಭಿಪ್ರಾಯ. ಹೆಸರು ಹೋದೊಡನೆ ಬೆಲೆಯೂ ಹೋಯಿತೇ?

ನಮಗೆ ಹಾಗೆನಿಸದು. ಮೂಲವು ಕಾಲನ ಪಾಲಾದರೂ ಅದರ ದರ್ಶನವನ್ನು ಲೋಕಕ್ಕೆ ಉಳಿಸಿಕೊಟ್ಟದ್ದು ಆ ಹೆಸರಿಲ್ಲದ ಕೈಯೇ. ಪಕ್ಕದಲ್ಲೊಬ್ಬನು ಮುಳುಗುವಾಗ ನಾವು ನಮ್ಮ ನೇಗಿಲ ಸಾಲನ್ನಷ್ಟೇ ನೋಡುತ್ತಿದ್ದೇವೆಯೇ? ಪ್ರಶ್ನೆಯನ್ನು ಯಾರೇ ಬರೆದಿರಲಿ, ಉತ್ತರ ಹೇಳಬೇಕಾದವರು ನಾವು.