ನನ್ನ ಯೋಗಾಭ್ಯಾಸ

ತರಗತಿಯಲ್ಲಿ ನನ್ನ ಕೈಜಾರಿ ಸೀಮೆಸುಣ್ಣ ಬಿದ್ದರೆ ಮುಂದಿನ ಬೆಂಚಿನ ವಿದ್ಯಾರ್ಥಿ ಎದ್ದುಬಂದು ಎತ್ತಿಕೊಡುತ್ತಾನೆ. ಇದು ಗುರುಭಕ್ತಿಯೆಂದೇ ನಾನು ಬಹುಕಾಲ ನಂಬಿದ್ದೆ. ಬಗ್ಗುವಾಗ ನನ್ನಿಂದ ಹೊರಡುವ ನರಳಿಕೆಯನ್ನು ಕೇಳಲಾರದೆ ಅವನು ಹಾಗೆ ಮಾಡುತ್ತಿದ್ದನೆಂಬುದು ತಿಳಿದದ್ದು ಈಚೆಗೆ. ನನಗಿನ್ನೂ ಮೂವತ್ತಾರು ವರ್ಷ!

"ಸಮುದ್ರ ದಾಟಿ ಈ ಮೈಸೂರಿಗೆ ಬಂದು ಯೋಗ ಕಲಿಯುವವರಿದ್ದಾರೆ. ನಿಮಗೆ ಎರಡು ಬೀದಿ ದಾಟುವುದಕ್ಕೆ ಆಗುವುದಿಲ್ಲವೆ?" ಎಂದಳು ಮನೆಯಾಕೆ. ಈ ಮಾತಿಗೆ ಯಾವ ಅಲಂಕಾರಶಾಸ್ತ್ರದಲ್ಲಿಯೂ ಉತ್ತರವಿಲ್ಲ. ಮರುದಿನ ಬೆಳಗಿನ ಆರು ಗಂಟೆಗೆ, ಜಮಖಾನೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಬಡಾವಣೆಯ ಸಮುದಾಯ ಭವನಕ್ಕೆ ಹೋದೆ.

ನನ್ನ ಪಕ್ಕದಲ್ಲಿದ್ದವರು ನಿವೃತ್ತ ಅಂಚೆ ಮಾಸ್ತರರು, ಎಪ್ಪತ್ತು ದಾಟಿದವರು. ಗುರುಗಳು "ಮುಂದಕ್ಕೆ ಬಾಗಿ" ಎಂದೊಡನೆ ಅವರು ಇನ್‌ಲ್ಯಾಂಡ್ ಪತ್ರದಂತೆ ಸಲೀಸಾಗಿ ಮಡಿಚಿಕೊಂಡರು. ನನ್ನ ಬೆರಳುಗಳು ಮೊಣಕಾಲಿನವರೆಗೆ ಬಂದು ಅಲ್ಲಿಯೇ ಬೀಡುಬಿಟ್ಟವು. ನಾನು ಹಾಗೆ ತೂಗಾಡುತ್ತಿರುವಾಗಲೇ ಗುರುಗಳು, 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ತೆರೆದದ್ದನ್ನೂ, ಬಿ.ಕೆ.ಎಸ್. ಅಯ್ಯಂಗಾರರೂ ಪಟ್ಟಾಭಿ ಜೋಯಿಸರೂ ಅವರ ಶಿಷ್ಯರಾದದ್ದನ್ನೂ ಹೇಳಿದರು. ಆಚಾರ್ಯರ 'ಯೋಗ ಮಕರಂದ' 1934ರಲ್ಲಿ ಮೊದಲು ಅಚ್ಚಾದದ್ದು ಕನ್ನಡದಲ್ಲಂತೆ. ಕನ್ನಡ ಎಂ.ಎ. ಆದ ನನಗೆ ಇದು ಗೊತ್ತಿರಲಿಲ್ಲ. ತಲೆ ಮೊದಲೇ ತಗ್ಗಿದ್ದುದರಿಂದ ಪ್ರತ್ಯೇಕವಾಗಿ ತಗ್ಗಿಸುವ ಶ್ರಮ ತಪ್ಪಿತು.

ಪ್ರತಿವರ್ಷ ಶೂನ್ಯಸಂಪಾದನೆಯ ಗೋರಕ್ಷನ ಪ್ರಸಂಗವನ್ನು ಪಾಠ ಹೇಳುವವನು ನಾನು. ಗೋರಕ್ಷನ ವಜ್ರಕಾಯಕ್ಕೆ ತಾಗಿದ ಖಡ್ಗ ಖಣಿಲೆಂದಿತು. ಅಲ್ಲಮನ ದೇಹದಲ್ಲಿ ಅದು ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಕಾಯಸಿದ್ಧಿಯನ್ನು ಅಲ್ಲಗಳೆದು ಎಷ್ಟು ಸೊಗಸಾಗಿ ಮಾತನಾಡಿದ್ದೇನೆ! ನನ್ನ ಕಾಯವೋ ವಜ್ರವೂ ಅಲ್ಲ, ಬಯಲೂ ಅಲ್ಲ. ಮಳೆಗಾಲದಲ್ಲಿ ಉಬ್ಬಿ ಚೌಕಟ್ಟನ್ನು ಕಚ್ಚಿಕೊಂಡ ಹಳೆಯ ಬಾಗಿಲು.

ಕೊನೆಯದು ಶವಾಸನ. ಮಲಗುವುದು ತಾನೆ, ಇದರಲ್ಲಾದರೂ ಪ್ರಥಮ ದರ್ಜೆ ಖಂಡಿತ ಎಂದುಕೊಂಡೆ. "ಕಾಲಿನ ಹೆಬ್ಬೆರಳುಗಳನ್ನು ಸಡಿಲ ಬಿಡಿ" ಎಂದರು ಗುರುಗಳು. ಆ ಮಾತಿಗೆ ನನ್ನ ಮೈಯೆಲ್ಲ ಬಿಗಿಯಿತು. ಎಂಟು ವರ್ಷದ ಹಿಂದೆ, ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದ ತಂದೆಯವರ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದವನು ನಾನೇ. ಅವರಿಗೆ ಆಗ ಐವತ್ತೆರಡು. ಹಳ್ಳಿಯ ಶಾಲೆಯ ಮೇಷ್ಟರು. ಹಗಲು ಶಾಲೆ, ಸಂಜೆ ಮನೆಪಾಠ, ರಾತ್ರಿ ಲೆಕ್ಕಪತ್ರ. ಎದೆಯುರಿ ಎಂದಾಗಲೆಲ್ಲ ಸೋಡ ಕುಡಿದು ಹೊರಡುತ್ತಿದ್ದರು. ಹಗಲಿನಲ್ಲಿ ಅವರು ಮಲಗಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಜಮಖಾನೆ ಸುತ್ತಿಕೊಂಡು ಎದ್ದುಬಂದೆ. ಉತ್ತರಪತ್ರಿಕೆಗಳ ನೆಪ ಹೇಳಿ ನಾಲ್ಕು ದಿನ ಹೋಗಲಿಲ್ಲ. ಮನೆಯಾಕೆ ಒಂದೂ ಮಾತನಾಡಲಿಲ್ಲ. ಅವಳಿಗೆ ಅದು ಸಹಜವಲ್ಲ.

ಐದನೆಯ ದಿನ ಅಂಚೆ ಮಾಸ್ತರರು ಗೇಟಿನ ಬಳಿ ನಿಂತಿದ್ದರು. ಏಕೋ ಅವರ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನೆಯವಳು ಹೋದ ವರ್ಷ ನಾನೂ ಅದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಮಾಡುತ್ತಿದ್ದೆ, ಮೇಷ್ಟರೇ. ಎಲ್ಲರೂ ಮಲಗಿದಾಗ ಗೋಡೆಗೊರಗಿ ಕೂತಿರುತ್ತಿದ್ದೆ. ಬನ್ನಿ, ಗೋಡೆ ಇನ್ನೂ ಇದೆ" ಎಂದರು.

ಎರಡು ತಿಂಗಳು ಆ ಗೋಡೆಯ ಆಶ್ರಯದಲ್ಲಿದ್ದೆ. ಗುರುಗಳು ಏನೂ ಕೇಳಲಿಲ್ಲ. ಬೆರಳುಗಳು ಈಗ ಮೊಣಕಾಲನ್ನು ದಾಟಿ ನಾಲ್ಕು ಅಂಗುಲ ಇಳಿದಿವೆ. ಸೀಮೆಸುಣ್ಣವನ್ನು ಮಾತ್ರ ಇನ್ನೂ ಆ ಹುಡುಗನೇ ಎತ್ತಿಕೊಡುತ್ತಾನೆ.

ಕಳೆದ ವಾರ ನಾನೂ ಮಲಗಿದೆ. ಮೊದಲು ಕಣ್ಣು ತೆರೆದೇ ಇದ್ದೆ, ಸೂರಿನ ಪಂಖವನ್ನು ನೋಡುತ್ತ. ಆಮೇಲೆ ಏನಾಯಿತೋ ತಿಳಿಯದು. ಅಂಚೆ ಮಾಸ್ತರರು ಭುಜ ಹಿಡಿದು ಅಲುಗಿಸುತ್ತಿದ್ದರು. ನನ್ನ ಗೊರಕೆಯಿಂದ ಹಿಂದಿನ ಸಾಲಿನ ಹೆಂಗಸರಿಗೆಲ್ಲ ಧ್ಯಾನಭಂಗವಾಯಿತಂತೆ.